ನಾಯಿ ಜೊತೆಗಿದ್ದರೆ

ಅಕ್ಕಾ,

ಬದುಕಿದ್ದೇನೆ. ನಾನು ಅಡುಗೆಗೆ ಸೇರಿದ್ದು ದೇಶದಲ್ಲೇ ಅತಿ ಶ್ರೀಮಂತ ಬಡಾವಣೆಯಲ್ಲಿ ಎಂದು ಅಮ್ಮ ಊರೆಲ್ಲ ಸಾರಿಕೊಂಡು ಬಂದಳಂತೆ. ಅದು ಗುಡ್ಡದ ನೆತ್ತಿಯಲ್ಲಿದೆ. ಅಂಗಡಿಯಿಲ್ಲ, ಬಸ್ಸಿಲ್ಲ, ಫುಟ್‌ಪಾತೂ ಇಲ್ಲ; ನಡೆಯುವವರೇ ಇಲ್ಲವಲ್ಲ! ಮೊನ್ನೆ ಒಬ್ಬಳೇ ಹೊರಗೆ ಹೊರಟೆ. ಬಡಾವಣೆಯ ಗೇಟಿನ ಕಾವಲುಗಾರ ತಡೆದು, "ಯಾರಮ್ಮ ನೀನು? ಇಲ್ಲೇನ್ ಮಾಡ್ತಿದೀಯ?" ಎಂದು ನಡುರಸ್ತೆಯಲ್ಲೇ ನನ್ನ ಚೀಲ ಜಾಲಾಡಿದ. ನಿನ್ನೆ ಯಜಮಾನರ ನಾಯಿಯನ್ನು ಹಿಡಿದುಕೊಂಡು ಹೋದೆ. ಅದೇ ಮನುಷ್ಯ ಎದ್ದು ನಿಂತು ಸಲಾಮು ಹೊಡೆದ, ನಾಯಿಗೆ.

ಮೆಟ್ಟಿಲು ಹತ್ತಿಳಿದು ಮಂಡಿ ಊದಿದೆ, ಗಾಬರಿಯಾಗಬೇಡ. ಅಮ್ಮನಿಗೆ ಇದನ್ನು ಓದಿ ಹೇಳಬೇಡ. ಅಂಚೆ ಡಬ್ಬಿ ಇರುವುದು ಗೇಟಿನಾಚೆ. ನಾಯಿ ಮಲಗಿದೆ, ಅದು ಎದ್ದ ಮೇಲೆ ಈ ಕಾರ್ಡು ಹಾಕಿ ಬರುತ್ತೇನೆ.

ನಿನ್ನ ತಂಗಿ