ದಿನುವಿನ ಕೊನೆಯ ಹಿಡಿತ

ಪ್ರೀತಿಯ ಸರೋಜಕ್ಕಾ,

ಅಲ್ಲಿ ಎಲ್ಲರೂ ಸೌಖ್ಯವೇ? ನಾರಾಯಣ ಭಾವನ ಬೆನ್ನುನೋವು ಅಲ್ಲಿಯಾದರೂ ಬಿಟ್ಟಿತೇ? ಅಮ್ಮನಿಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತದೆಯೇ? ಶೇಖರಣ್ಣ ಅಲ್ಲಿಯೂ ಸಾರಿಗೆ ಉಪ್ಪು ಸಾಲದು ಎಂದು ಜಗಳ ತೆಗೆಯುತ್ತಾನೋ ಹೇಗೆ? ಇಲ್ಲಿ ನಾನೂ ನಿನ್ನ ನಾದಿನಿ ಲಲಿತಾಳೂ ಸೌಖ್ಯ. ನಿನ್ನ ಮಗ ದಿನುವೂ ಸೌಖ್ಯ. ಇದನ್ನು ಬರೆಯಲು ಈಗಷ್ಟೇ ಧೈರ್ಯ ಬಂದಿದೆ. ನೀನು ತೀರಿಹೋದ ಮೇಲೆ ಮಸ್ಕತ್ತಿಗೆ ಇದು ಎರಡನೇ ಚಳಿಗಾಲ.

ಇಲ್ಲಿಯ ಸಮುದ್ರದ ಮರಳಿನಲ್ಲಿ ನಮ್ಮೂರ ಕಡೆಯ ಹುಡುಗರು ಶುಕ್ರವಾರ ಕಬಡ್ಡಿ ಆಡುತ್ತಿದ್ದದ್ದು ನೆನಪಿದೆಯಲ್ಲ? ನೀನು ಕೊಡೆ ಹಿಡಿದು ಕುಳಿತಿರುತ್ತಿದ್ದೆ. ದಿನು ಎದುರಿನವನ ಪಾದದ ಗಂಟು ಹಿಡಿದನೆಂದರೆ ಮುಗಿಯಿತು, ಬಿಡುತ್ತಿರಲಿಲ್ಲ. ಅಮೆರಿಕದಲ್ಲಿ ಓದಿ ಬಂದಿದ್ದ ಒಮಾನಿ ಹುಡುಗ ಸಾಲಿಂ ಅದನ್ನು ನೋಡಿ ನಿಂತ. ಹೆಲ್ಮೆಟ್ಟು ಹಾಕಿ ಕೈಯಲ್ಲಿ ಚೆಂಡು ಹಿಡಿದು ಓಡುವ ಅಲ್ಲಿಯ ಫುಟ್‌ಬಾಲಿಗೆ ಒಂದು ತಂಡ ಕಟ್ಟುತ್ತಿದ್ದೇನೆ, ಇವನು ನನಗೆ ಬೇಕು ಎಂದ. ಮನೆಗೆ ಬಂದು ದಿನು ನಿನಗೆ ಅರ್ಥ ಮಾಡಿಸಲು ಹೊರಟ.

"ನಾನು ಚೆಂಡು ಹಿಡಿಯುದಲ್ಲಮ್ಮ. ಚೆಂಡು ಹಿಡ್ಕೊಂಡು ಓಡುವವನನ್ನು ಹಿಡಿದು ಬೀಳಿಸುದು."

"ಅಂದ್ರೆ ಪೊಲೀಸ್ ಕೆಲ್ಸ," ಎಂದೆ ನೀನು. "ಸಂಬಳ ಎಷ್ಟು ಕೊಡ್ತಾರೆ?"

"ಸಂಬಳ ಇಲ್ಲ. ಆಫೀಸು ಮುಗಿಸಿ ಆಡುದು."

"ಹಾಗಾದ್ರೆ ಪೆಟ್ಟು ಮಾತ್ರ ಫ್ರೀ!"

ಮೊದಲ ಪಂದ್ಯದ ದಿನ ನಾವಿಬ್ಬರೂ ನಕ್ಕದ್ದು... ಎದುರಾಳಿಗಳು ಸಾಲುಗಟ್ಟಿದರು. ಇವರ ಸಾಲಿನಲ್ಲಿ ದಿನು ಬಗ್ಗಿ ನಿಂತವನು, ಕಬಡ್ಡಿಯ ಅಭ್ಯಾಸಬಲ, ಪಕ್ಕದಲ್ಲಿದ್ದ ಸಾಲಿಂನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ! ಕಬಡ್ಡಿಯಲ್ಲಿ ಹಿಡಿಯುವವರು ಕೈ ಕೈ ಹಿಡಿದೇ ನಿಲ್ಲುವುದಲ್ಲವೇ? ಸಾಲಿಂ ತನ್ನ ಕೈ ನೋಡಿದ, ಇವನ ಮುಖ ನೋಡಿದ. "ಅಖೀ, ಸಹೋದರಾ, ಮದುವೆ ಆಮೇಲೆ ಮಾಡಿಕೊಳ್ಳೋಣ, ಈಗ ಆಡೋಣ," ಎಂದನಂತೆ. ಆಮೇಲೆ ಎಷ್ಟೋ ಕಾಲ ದಿನುವನ್ನು ಎಲ್ಲರೂ 'ಮದುಮಗ' ಎಂದೇ ಕರೆದರು. ಆ ಮದುಮಗನೇ ಮುಂದೆ ಹಿಡಿಯುವವರಿಗೆಲ್ಲ ನಾಯಕನಾದ. ದುಬೈಗೆ ಹೋಗಿ ಆಡಿದಾಗ ಅಲ್ಲಿಯವರು ಇವನಿದ್ದ ಬದಿಗೆ ಓಡುವುದನ್ನೇ ಬಿಟ್ಟರು. ಅದನ್ನು ಕೇಳಿ ನೀನು, "ಒಳ್ಳೇದಾಯ್ತು, ಅವನಿಗೆ ರಜೆ," ಎಂದಿದ್ದೆ.

ವಾದಿ ಕಬೀರಿನ ನನ್ನ ಅಂಗಡಿಯಲ್ಲಿ ನೀನು ಸ್ಟೂಲಿನ ಮೇಲೆ ಕುಳಿತಿರುವುದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಕಾರಿನ ಸೀಟು ಹೊಲಿಯುವ ಮಿಷನ್ನಿನಲ್ಲೇ ನಾನು ದಿನುವಿನ ಭುಜದ ಪ್ಯಾಡು ರಿಪೇರಿ ಮಾಡುತ್ತಿದ್ದೆ. ಹರಿದಲ್ಲಿ ರೆಕ್ಸಿನ್, ಸವೆದಲ್ಲಿ ಟ್ಯಾಕ್ಸಿ ಸೀಟಿನ ಸ್ಪಂಜು. ನೀನು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದೆ: "ಭುಜ ಹೊಲಿತಿ ಮಾರಾಯ, ತಲೆಯೊಳಗಿದ್ದದಕ್ಕೆ ಎಂತ ಹೊಲಿತಿ?" ಅಂದಿನಿಂದಲೇ ಅಲ್ಲವೇ ನಿನ್ನ ಆ ಪರೀಕ್ಷೆ ಶುರುವಾದದ್ದು? ಪ್ರತಿ ಆಟದ ನಂತರ ಅವನು ಮೈದಾನದ ಬದಿಯಲ್ಲಿ ನಿನ್ನೆದುರು ನಿಂತು ಅಜ್ಜನಿಂದ ಹಿಡಿದು ಮನೆಯವರೆಲ್ಲರ ಹೆಸರು ಸಾಲಾಗಿ ಹೇಳಬೇಕು. ಹೇಳಿದ ಮೇಲೆಯೇ ನೀರಿನ ಬಾಟ್ಲಿ.

ನಿನ್ನ ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿದ ವಾರವೇ ಅವನು ಮೈದಾನಕ್ಕೆ ಹೋದ. ಅತ್ತಿರಲಿಲ್ಲ ಅಕ್ಕ, ಬಂದವರಿಗೆಲ್ಲ ಕುರ್ಚಿ ಹಾಕುತ್ತಾ ಓಡಾಡಿದ್ದ. ಆಟದಲ್ಲಿ ಮಾತ್ರ ಯಾರ ಮೇಲೋ ಸಿಟ್ಟಿರುವವನ ಹಾಗೆ ಎರಗುತ್ತಿದ್ದ. ತಲೆಗೆ ಪೆಟ್ಟಾಯಿತು, ಮತ್ತೊಮ್ಮೆಯೂ ಆಯಿತು. ಇನ್ನು ಸಾಕು, ಮತ್ತೆ ಬಿದ್ದರೆ ನೆನಪಿಗೇ ಕುತ್ತು ಎಂದರು ಡಾಕ್ಟರು. "ಇದೊಂದು ಸೀಸನ್, ಮಾಮ," ಎಂದ. ಹೆಸರು ಹೇಳು ಎಂದರೆ, "ಅದು ಅಮ್ಮನ ಪರೀಕ್ಷೆ. ನೀವು ಕೇಳ್ಬೇಡಿ." ಹೀಗೆ ಹೇಳುವವನನ್ನು ನಾನು ಹೇಗೆ ತಡೆಯಲಿ?

ಕಳೆದ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಅದು ಆಗಿಹೋಯಿತು. ಚೆಂಡು ಹಿಡಿದು ಓಡುತ್ತಿದ್ದ ದೊಡ್ಡ ಆಳಿನ ಪಾದಕ್ಕೆ ದಿನು ಹಾರಿಬಿದ್ದ. ಅವನ ಮೊಣಕಾಲು ಇವನ ಹೆಲ್ಮೆಟ್ಟಿಗೆ ಬಡಿಯಿತು. ಪೀಪಿ ಊದಿದರೂ ದಿನು ಹಿಡಿತ ಬಿಡಲಿಲ್ಲ. ಮೈಯೆಲ್ಲ ಸಡಿಲವಾಗಿತ್ತು, ಕೈ ಮಾತ್ರ... ಸಾಲಿಂ ಒಂದೊಂದೇ ಬೆರಳು ಬಿಡಿಸಿ ಬದಿಗೆ ಕರೆತಂದ. ಹೆದರಿಕೆಯಲ್ಲಿ ನಾನು ಹೆಸರು ಕೇಳಿಯೇಬಿಟ್ಟೆ. ಹೇಳಿದ ಅಕ್ಕ! ಅಜ್ಜ, ಅಜ್ಜಿ, ಶೇಖರ ಮಾಮ, ಅಪ್ಪ, ಒಂದೂ ತಪ್ಪಲಿಲ್ಲ. ನನ್ನ ಜೀವ ಹಿಂದಕ್ಕೆ ಬಂತು. ಆಗ ಅವನು ಸುತ್ತ ನೋಡಿ ಕೇಳಿದ:

"ಅಮ್ಮ ಎಲ್ಲಿ ಮಾಮ, ಇವತ್ತು ಬರ್ಲಿಲ್ವಾ? ಎಲ್ಲ ಸರಿ ಹೇಳಿದೆ ಅಂತ ಹೇಳಿ."

ನೀನಾಗಿದ್ದರೆ ಏನು ಹೇಳುತ್ತಿದ್ದೆ? ನಾನು, "ಬರ್ತಾಳೆ ಮಗಾ, ನೀನು ಮಾತಾಡ್ಬೇಡ," ಎಂದೆ. ಸಾಲಿಂ ಆಚೆ ಮುಖ ತಿರುಗಿಸಿದ. ಆಸ್ಪತ್ರೆಯ ದಾರಿಯುದ್ದಕ್ಕೂ ದಿನು ಕಿಟಕಿಯಿಂದ ಹೊರಗೆ ನೋಡುತ್ತಿದ್ದ, ನೀನು ಯಾವ ಕಾರಿನಲ್ಲಿ ಬರುತ್ತೀ ಎಂದು.

ಆಸ್ಪತ್ರೆಯಲ್ಲಿ ಸಂಜೆಯ ಚಾ ಕೊಡುವ ಹೊತ್ತಿಗೆ ಅವನಿಗೆ ತಾನಾಗಿಯೇ ತಿಳಿಯಿತು. "ಅಮ್ಮ ಇಲ್ಲ, ಅಲ್ವಾ ಮಾಮ?" ಎಂದ. ನಾನು ತಲೆಯಾಡಿಸಿದೆ. ಆಗ ಅವನು ಅತ್ತುಬಿಟ್ಟ ನೋಡು ಅಕ್ಕ, ನೀನು ಹೋದ ದಿನ ಅಳಬೇಕಾಗಿದ್ದ ಅಳು. ಅತ್ತು ಮುಗಿದ ಮೇಲೆ ಮೆಲ್ಲಗೆ ಹೇಳಿದ:

"ಇವತ್ತು ಅಮ್ಮ ಸತ್ತದ್ದು ಮರೆತೆ. ಇನ್ನೊಂದು ಪೆಟ್ಟಿಗೆ ಅಮ್ಮ ಇದ್ದದ್ದೇ ಮರೆತು ಹೋದ್ರೆ ಮಾಮ?"

ವಾರ ಕಳೆದು ಸಾಲಿಂ ಖರ್ಜೂರದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದ. ಇವನ ಮುಖ ನೋಡಿ, "ಖಲಾಸ್?" ಎಂದು ಕೇಳಿದ. "ಖಲಾಸ್," ಎಂದ ದಿನು. ಡಾಕ್ಟರು, ನಾನು, ಲಲಿತಾ, ಯಾರು ಹೇಳಿದರೂ ಆಟ ಬಿಡದವನು ನಿನಗಾಗಿ ಬಿಟ್ಟ. ಈ ಸುದ್ದಿ ನಿನಗೆ ಮುಟ್ಟಬೇಕೆಂದೇ ಇಷ್ಟೆಲ್ಲ ಬರೆದೆ.

ಈಗ ತಲೆನೋವು ಇಳಿದಿದೆ, ಅನ್ನ ಸೇರುತ್ತದೆ. ಆದರೆ ಶುಕ್ರವಾರ ಊಟವಾದ ಮೇಲೆ, ಆಟಕ್ಕೆ ಹೊರಡುತ್ತಿದ್ದ ಹೊತ್ತಿಗೆ ಸರಿಯಾಗಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಎಲ್ಲಿಗೆ ಎಂದರೆ ಗೊತ್ತಿಲ್ಲ ಎನ್ನುತ್ತಾನೆ, ಒಳಗೂ ಬರುವುದಿಲ್ಲ. ಹಾಗೆ ನಿಂತವನಿಗೆ ಏನು ಹೇಳಬೇಕೆಂದು ನನಗೆ ತಿಳಿಯುವುದಿಲ್ಲ ಅಕ್ಕ, ನಿನಗೆ ತಿಳಿದೀತು. ನಾಳೆ ಮತ್ತೆ ಶುಕ್ರವಾರ. ಬೇಗ ಬರೆ.

ನಿನ್ನ ತಮ್ಮ,
ವಾಸು