ಬಲಗಡೆ ವಿಂಗಿನ ಪಿಸುಮಾತು

ದೇಶಪಾಂಡೆ ನಗರ, ಹುಬ್ಬಳ್ಳಿ
೧೦ ಆಗಸ್ಟ್ ೨೦೨೪, ಪಂಚಮಿಯ ಮರುದಿನ

ಮುಗದದ ಪೇಟಿ ಮಾಸ್ತರ ಹನುಮಂತಪ್ಪನಿಗೆ, ಹಳೆಯ ನಾಟಕ ಕಂಪನಿಯ ದಂಡನಾಯಕ ಶಾಂತಯ್ಯನ ಶರಣಾರ್ಥಿ.

ನಾವೆಲ್ಲ ಆರಾಮ. ನೀನೂ ನಿನ್ನ ಮೊಣಕಾಲೂ ಆರಾಮ ಇದ್ದೀರೆಂದು ನಂಬಿದ್ದೇನೆ. ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೊಂಡಿರುತ್ತೀ, ಬೈದುಕೋ, ಪಾತ್ರಕ್ಕೆ ತಕ್ಕ ಮಾತು. ಫೋನು ಹಚ್ಚಿದರೂ ಎತ್ತುವುದಿಲ್ಲ ಎಂದು ನನ್ನ ಸೊಸೆ ಭಾಗ್ಯಶ್ರೀಯ ಮುಂದೆ ದೂರು ಹೇಳಿದೆಯಂತೆ. ಮಾಸ್ತರ, ಫೋನಿನಲ್ಲಿ ಆಡಿದ ಮಾತು ಮಾತೆನಿಸುವುದಿಲ್ಲ. ಈಗಿನ ಜನ ತುಟಿ ಬಿಚ್ಚದೆ ಮಾತಾಡುತ್ತಾರೆ. ನಮ್ಮ ಕಾಲದಲ್ಲಿ ಮೈಕು ಕೆಟ್ಟರೂ, ತಗಡಿನ ಥೇಟರಿನ ಕಟ್ಟಕಡೆಗೆ ನೆಲದ ಮೇಲೆ ಕೂತು ಶೇಂಗಾ ತಿನ್ನುವವನ ಕೈಯಲ್ಲಿನ ಶೇಂಗಾ ಕೈಯಲ್ಲೇ ನಿಲ್ಲುವಂತೆ ಮಾತಾಡುತ್ತಿದ್ದೆವು.

ಇರಲಿ. ಮೂರನೇ ಗಂಟೆ ಬಾರಿಸಿತು, ಪರದೆ ಏಳಿಸುತ್ತೇನೆ.

ಅರಳೆ ವ್ಯಾಪಾರಿ ಮಾಲತೇಶಪ್ಪನವರ ನೆನಪಿದೆಯೇ? ನಮ್ಮ ಕಂಪನಿ ಹುಬ್ಬಳ್ಳಿಯಲ್ಲಿ ಕ್ಯಾಂಪು ಮಾಡಿದ ವರ್ಷ ಟ್ರಂಕಿನಷ್ಟು ದೊಡ್ಡ ಟೇಪ್ ಯಂತ್ರ ತಂದು, ಅದನ್ನು ರಂಗದ ಬಲಗಡೆ ವಿಂಗಿನಲ್ಲಿ, ಪಕ್ಕದ ಪರದೆಯ ಮರೆಗೆ ಇಟ್ಟು, ಇಡೀ ನಾಟಕವನ್ನು ಸುರುಳಿಗಳಲ್ಲಿ ಹಿಡಿದಿದ್ದರು. ಅದರಿಂದ ಇಳಿಸಿದ ಕ್ಯಾಸೆಟ್ಟಿನ ನಕಲು ಕ್ಯಾಸೆಟ್ಟು ನಮ್ಮ ಮನೆಯಲ್ಲಿತ್ತು. ಅದರಲ್ಲಿ ನನ್ನ ಗುಡುಗು ಇತ್ತು, ನಿನ್ನ ಹಾರ್ಮೋನಿಯಂ ಪೇಟಿ ಇತ್ತು, ಉಳಿದದ್ದೆಲ್ಲ ಕಾದ ಎಣ್ಣೆಗೆ ಮಿರ್ಚಿ ಬಿಟ್ಟಂತೆ ಚುರುಚುರು. ಈಗ ಅವರ ಮೊಮ್ಮಗಳು ಮೂಲ ಸುರುಳಿಗಳನ್ನೇ ಪುಣೆಗೆ ಒಯ್ದು, ಕಂಪ್ಯೂಟರಿಗೆ ಇಳಿಸಿ, ಒಂದು ಪೆನ್‌ಡ್ರೈವಿನಲ್ಲಿ ನನಗೆ ಕಳಿಸಿದ್ದಾಳೆ. ಅದಕ್ಕೆ ಹೈ ರೆಸಲ್ಯೂಷನ್ ಎನ್ನುತ್ತಾರಂತೆ. ಮೊಬೈಲಿನ ಸಾದಾ ಹಾಡಿನಲ್ಲಿ ದನಿಯ ಸಣ್ಣ ಎಳೆಗಳನ್ನು ಕತ್ತರಿಸಿ ಒಗೆದಿರುತ್ತಾರೆ, ಇದರಲ್ಲಿ ಒಂದೆಳೆಯನ್ನೂ ಬಿಟ್ಟಿಲ್ಲ ಎಂದು ನನ್ನ ಮಗ ವಿಶಾಲ ತಿಳಿಸಿ ಹೇಳಿದ. ಆಮೇಲೆ ಕೇಳಿದ:

"ಬಲಗಡೆ ವಿಂಗು ಅಂದ್ರ ಅಪ್ಪಾ, ಅವ್ವ ನಿಂದರತಿದ್ದ ಜಾಗಾ ಅಲ್ರಿ?"

ಮಾಸ್ತರ, ನನ್ನ ಎದೆ ತಾಳ ತಪ್ಪಿತು.

ನಿನಗೆ ಹೇಳಬೇಕಾಗಿಲ್ಲ. ನನ್ನ ಸಂಗವ್ವ ಒಂದು ದಿನವೂ ಬಣ್ಣ ಹಚ್ಚಿದವಳಲ್ಲ. ಅವಳೂ ಕಂಪನಿಯ ಗೋದಾಬಾಯಿಯೂ ಪಾಳಿ ಹಚ್ಚಿಕೊಂಡು ವಿಂಗಿನಲ್ಲಿ ನಾಟಕದ ಪುಸ್ತಕ ಹಿಡಿದು ನಿಂತು, ಮರೆತವರಿಗೆ ಮಾತು ಎತ್ತಿಕೊಡುತ್ತಿದ್ದರು. ವಿಶಾಲನಿಗೆ ಹಲ್ಲು ಮೂಡುವ ಹೊತ್ತಿಗೆ ಅವಳು ಹೋಗಿಬಿಟ್ಟಳು. ಗೋಡೆಯ ಮೇಲೆ ಅವಳ ಒಂದು ಫೋಟೋ ಇದೆ, ದನಿ ಎಲ್ಲಿಯೂ ಇಲ್ಲ. ಹುಡುಗ ಸಣ್ಣವನಿದ್ದಾಗ ಅವನ ಮುಂದೆ ರಾಜನ ದನಿ ತೆಗೆದಿದ್ದೇನೆ, ಕಳ್ಳನ ದನಿ, ಆನೆಯ ದನಿ ತೆಗೆದಿದ್ದೇನೆ. "ಅವ್ವ ಹೆಂಗ ಮಾತಾಡತಿದ್ಲು, ಮಾಡಿ ತೋರ್ಸ್ರಿ" ಎಂದಾಗ ಮಾತ್ರ ಈ ಗಂಟಲು ಸೋತಿತ್ತು.

ಸರಿ, ನಾಟಕಕ್ಕೆ ರಂಗ ಬೇಕಲ್ಲ. ಭಾಗ್ಯಶ್ರೀಯ ಕಾಲೇಜು ದಿನಗಳ ಲ್ಯಾಪ್‌ಟಾಪನ್ನು ಕಪಾಟಿನಿಂದ ಇಳಿಸಿದೆವು. ಅದರ ಮುಚ್ಚಳ ನಿಲ್ಲುವುದಿಲ್ಲ, ಹಿಂದೆ ಉಪ್ಪಿನಕಾಯಿ ಭರಣಿ ಇಟ್ಟು ಆನಿಸಬೇಕು.

"ಪಾಪ, ಆರಾಮ ಮಲಗಿತ್ತು. ಇಂಥಾ ಮುದುಕನ್ನ ಯಾಕ ಎಬ್ಬಿಸಿದ್ರಿ ಮಾವಾರ?" ಎಂದಳು ಸೊಸೆ.

"ಮುದುಕರಿಗೆ ಪಾತ್ರ ಕೊಟ್ಟು ನೋಡವಾ, ಆಮ್ಯಾಲೆ ಮಾತಾಡು," ಎಂದೆ.

ಅದಕ್ಕೆ ಇಯರ್‌ಫೋನ್ ಹಾಕುವ ತೂತು ಎಂದೋ ಸತ್ತಿತ್ತು. ಜೀವ ಇದ್ದದ್ದು ಒಂದೇ ಯುಎಸ್‌ಬಿ ಬಾಯಿಗೆ. ವಿಶಾಲ ಅದರಿಂದ ಪೆನ್‌ಡ್ರೈವಿನದ್ದನ್ನೆಲ್ಲ ಒಳಗೆ ಇಳಿಸಿಕೊಂಡು, ಆಮೇಲೆ ಅದಕ್ಕೇ ಹಚ್ಚಲು ಎಲೆಯಡಿಕೆಯ ಸುಣ್ಣದ ಡಬ್ಬಿಯಷ್ಟೇ ಇರುವ ಒಂದು ಡಬ್ಬಿ ತಂದ. ಲ್ಯಾಪ್‌ಟಾಪಿನಲ್ಲಿ ಇರುವುದು ದನಿಯಲ್ಲ, ಬರೀ ಅಂಕಿಗಳಂತೆ. ಯುಎಸ್‌ಬಿ ವಾಯರಿನಲ್ಲಿ ಹರಿದು ಬರುವ ಆ ಅಂಕಿಗಳನ್ನು ಈ ಡಬ್ಬಿ ದನಿ ಮಾಡಿ, ನಮ್ಮ ಹಳೇ ಆಂಪ್ಲಿಫೈಯರಿಗೂ ಅಲ್ಲಿಂದ ಸ್ಪೀಕರಿಗೂ ದಾಟಿಸುತ್ತದೆ. ಡಬ್ಬಿಗೊಂದು ಸಣ್ಣ ದೀಪ. ಪೂರ್ತಿ ದನಿ ಬಂದರೆ ಹಸಿರು, ಕಡಿಮೆಯಾಗಿ ಬಂದರೆ ನೀಲಿ. ಮೊದಲ ದಿನ ನೀಲಿಯೇ ಉರಿಯಿತು.

"ಲ್ಯಾಪ್‌ಟಾಪ್ ನಡುವ ಶಾಣ್ಯಾತನ ಮಾಡಾಕತ್ತೈತ್ರಿ ಅಪ್ಪಾ," ಎಂದ ವಿಶಾಲ. "ದನೀನ ತನಗ ತಿಳಿದಂಗ ಸಣ್ಣ ಮಾಡಿ ದಾಟಿಸಾಕತ್ತೈತಿ."

"ಹಂಗಾರ ಅದು ಪ್ರಾಂಪ್ಟರ್ ಅಲ್ಲಪಾ, ನಟ," ಎಂದೆ. "ಪ್ರಾಂಪ್ಟರ್ ಆದವ ಪುಸ್ತಕದಾಗ ಇದ್ದದ್ದನ್ನ ಇದ್ದಂಗ ದಾಟಿಸಬೇಕು. ತನ್ನದೊಂದು ಅಕ್ಷರ ಸೇರಿಸಬಾರದು."

ಅವನು ಸೆಟ್ಟಿಂಗಿನೊಳಗೆ ಇಳಿದು, ನೀನು ನಡುವೆ ಬಾಯಿ ಹಾಕಬೇಡ ಎಂದು ಅದಕ್ಕೆ ತಾಕೀತು ಮಾಡಿದ. ದೀಪ ಹಸಿರಾಯಿತು. ಆದರೆ ಚಾರ್ಜರ್ ಹಚ್ಚಿದರೆ ಸ್ಪೀಕರಿನಲ್ಲಿ ಜೇನುಹುಳ ಎದ್ದಂತೆ ಗುಂಯ್ ಎನ್ನುತ್ತದೆ. ಕಿತ್ತರೆ ನಿಲ್ಲುತ್ತದೆ, ಆದರೆ ಆ ಬ್ಯಾಟರಿಯೂ ನಿನ್ನ ಮೊಣಕಾಲಿನಂಥದ್ದೇ, ಬಹಳ ಹೊತ್ತು ನಿಲ್ಲಲಾರದು. ಹಾಗಾಗಿ ನೇರವಾಗಿ ಮೂರನೇ ಅಂಕಕ್ಕೇ ಹೋಗುವುದೆಂದು ಠರಾವಾಯಿತು.

ನಿನ್ನೆ ಪಂಚಮಿಯ ಮಧ್ಯಾಹ್ನ ಪ್ರಯೋಗ. ಹಬ್ಬದ ಜೋಕಾಲಿಗೆ ಭಾಗ್ಯಶ್ರೀ ತವರಿಗೆ ಹೋಗಿರಲಿಲ್ಲ. "ಜೋಕಾಲಿ ಮುಂದಿನ ವರ್ಷಾನೂ ಇರತೈತ್ರಿ. ನಾ ಅತ್ತಿಯವರ ದನಿ ಕೇಳೇ ಹೋಗ್ತೇನಿ," ಎಂದು ನಿಂತಿದ್ದಳು. ಪೂಜೆಯಿಲ್ಲದೆ ಪರದೆ ಎತ್ತಿದ ವಂಶ ನಮ್ಮದಲ್ಲ. ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆಯಲು ಕೈ ಎತ್ತಿದೆ.

"ಮಾವಾರ, ಕಾಯಿನೀರು ಕೀಬೋರ್ಡಿಗೆ ಬಿದ್ದರ ಅಲ್ಲೇ ಮಂಗಳಾರತಿ ನೋಡ್ರಿ," ಎಂದು ಅವಳು ನನ್ನನ್ನು ಹಿತ್ತಲಿಗೆ ಅಟ್ಟಿದಳು. ಅಲ್ಲೇ ಒಡೆದು ಬಂದೆ. ಪೂಜೆಯ ಗಂಟೆಯನ್ನು ಮೂರು ಸಲ ಬಾರಿಸಿದೆ.

ಮೂರನೇ ಅಂಕ ನಿನಗೆ ಗೊತ್ತು. ದಂಡನಾಯಕ ತನ್ನ ಮಗನಿಗೇ ತೀರ್ಪು ಹೇಳಬೇಕು. ಟೇಪ್ ಹಿಡಿದ ಅವತ್ತು ನಾನು ಆ ಮಾತನ್ನೇ ಮರೆತೆ. ಮರೆತರೆ ನೆಲಕ್ಕೆ ಎರಡು ಸಲ ಕಾಲು ಬಡಿಯುವುದು ನಮ್ಮ ಕಂಪನಿಯ ಸಂಜ್ಞೆ. ಬಡಿದೆ. ಜನ ಅದನ್ನು ತಂದೆಯ ಸಂಕಟ ಎಂದುಕೊಂಡರು. ಆಮೇಲಿನ ಮೌನ ಮುಗಿದು ನಾನು ಮಾತೆತ್ತಿದ ಕೂಡಲೇ ಶಿಳ್ಳೆ ಬಿದ್ದು ತಗಡು ನಡುಗಿತು. ಮರುದಿನ ಮಾಲಕರು ಬಂದು, "ಶಾಂತಯ್ಯಾ, ದಿನಾ ಮರೀರಿ," ಎಂದದ್ದಕ್ಕೆ ನೀನು ಪೇಟಿಯ ಮೇಲೆ ಬಿದ್ದು ನಕ್ಕಿದ್ದೆ.

ಧಡ್, ಧಡ್. ಸ್ಪೀಕರಿನಿಂದ ನನ್ನ ಕಾಲು ಕೋಣೆಯೊಳಗೆ ಬಂತು. ಆಮೇಲೆ ಆ ಮೌನ. ಕ್ಯಾಸೆಟ್ಟಿನಲ್ಲಿ ಈ ಜಾಗದಲ್ಲಿ ಬರೀ ಚುರುಚುರು ಇತ್ತು. ವಿಶಾಲ ಸ್ಪೀಕರಿನತ್ತ ಬಾಗಿದ. ಭಾಗ್ಯಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ದೊಡ್ಡ ದನಿಯಲ್ಲೇ ಹೇಳಿದಳು:

"ಮಾವಾರ, ಮಾತು ಎತ್ತಿಕೊಟ್ರು. 'ಮಗನಾದರೇನು, ಮಣ್ಣಿಗೆ ಎರಡು ಬಗೆದವನು' ಅಂದ್ರು. ಅದರ ಹಿಂದ ಇನ್ನೊಂದು ಮಾತು. 'ಅಂಜಬ್ಯಾಡ್ರಿ, ನಾ ಇಲ್ಲೇ ಅದೇನಿ' ಅಂದ್ರು."

ಪುಸ್ತಕದಲ್ಲಿ ಇಲ್ಲದ ಮಾತು, ಮಾಸ್ತರ. ನಾ ಇಲ್ಲೇ ಅದೇನಿ.

ವಿಶಾಲ ನನ್ನ ಕಡೆ ತಿರುಗಿದ. ಅವನ ಮುಖ ಪಾಟೀಚೀಲ ಹೊತ್ತು ಸಾಲಿಗೆ ಹೋಗುವ ಹುಡುಗನ ಮುಖದಂತಿತ್ತು.

"ಅಪ್ಪಾ, ಅವ್ವ ಹೌದಲ್ರಿ?"

ಶಲ್ಯದಿಂದ ಕಣ್ಣೊರೆಸಿಕೊಂಡು "ಹೌದು" ಎಂದೆ. ಅವನು ಸ್ಪೀಕರಿನ ಬಟ್ಟೆಗೆ ಹಣೆ ಹಚ್ಚಿದ. ಅಷ್ಟರಲ್ಲಿ ಬ್ಯಾಟರಿ ತೀರಿ ಪರದೆ ಕಪ್ಪಾಯಿತು. ಚಾರ್ಜರ್ ಹಚ್ಚಲು ಯಾರೂ ಏಳಲಿಲ್ಲ.

ಇವತ್ತು ಮುಂಜಾನೆ ವಿಶಾಲ ಮತ್ತೆ ಅದೇ ಜಾಗ ಹಚ್ಚಿ ಕೇಳಿದ. ಅಂಗಡಿಗೆ ಹೊರಟವನು ಹೊಸ್ತಿಲಲ್ಲಿ ನಿಂತು, ಸ್ಪೀಕರಿನ ಕಡೆ ನೋಡಿ "ಅವ್ವಾ, ಹೋಗಿ ಬರ್ತೇನಿ," ಎಂದ. ಫೋಟೋಕ್ಕೆ ಅವನು ಹಾಗೆ ಒಂದು ದಿನವೂ ಅಂದಿರಲಿಲ್ಲ.

ನೀನು ಬಾ. ವಿಶಾಲ ನಿನ್ನ ಮೊಮ್ಮಗನ ಫೋನಿಗೆ ಕಳಿಸಲು ನೋಡಿದ. ವಾಟ್ಸಾಪು ಅದನ್ನು ಹಿಂಡಿ ಹಿಪ್ಪೆ ಮಾಡಿತು. ಪಿಸುಮಾತು ಹೋಗಿ ನನ್ನ ಗುಡುಗಷ್ಟೇ ಉಳಿಯಿತು. ಈ ಮುದಿ ಲ್ಯಾಪ್‌ಟಾಪಿನ ಮುಂದೆಯೇ ಕೂತು ಕೇಳಬೇಕು. ಮುಗದದಲ್ಲಿ ರೈಲು ಹತ್ತು, ಸ್ಟೇಷನ್ನಿಗೆ ಹುಡುಗ ಬರುತ್ತಾನೆ. ಭಾಗ್ಯಶ್ರೀ ನಿನ್ನ ಪಾಲಿನ ಶೇಂಗಾ ಉಂಡಿ ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ.

ನಿನ್ನ ಪೇಟಿಗೆ ಗಾಳಿ ತಪ್ಪದಿರಲಿ, ನಿನ್ನ ಮನೆಗೆ ಮಠದ ಅಜ್ಜಪ್ಪನ ನೆರಳು ತಪ್ಪದಿರಲಿ. ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ,
ಶಾಂತಯ್ಯ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮಾಸ್ತರ, ಎಲ್ಲರಿಗೂ ಕೇಳಿದ್ದು ನನಗೆ ಕೇಳಲಿಲ್ಲ. ಕಾಲು ಬಡಿದದ್ದು ಕೇಳಿತು, ನನ್ನ ಕೂಗು ಕೇಳಿತು, ನಡುವಿನ ಆ ಜಾಗ ನನಗೆ ಖಾಲಿ. ಕಿವಿ ಹೋಗಿದೆ. ಗುಡುಗು ಉಳಿದಿದೆ, ಪಿಸುಮಾತು ಹೋಗಿದೆ, ಕಿವಿಗೆ ಯಂತ್ರ ಹಚ್ಚಿದರೂ ಅದು ತಿರುಗಿ ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ತಿಳಿಸಿಲ್ಲ. ಸೊಸೆಯ ಮುಖ ನೋಡಿ, ಎಲ್ಲಿ ಅಳಬೇಕೋ ಅಲ್ಲಿ ಅತ್ತೆ. ಹುಡುಗ ಕೇಳಿದಾಗ ಹೌದೆಂದೆ. ಅವತ್ತು ಸಂಗವ್ವನ ಪಾಳಿಯೋ ಗೋದಾಬಾಯಿಯ ಪಾಳಿಯೋ, ನನಗೆ ನೆನಪಿಲ್ಲ. ವಿಂಗಿನ ಮಗ್ಗುಲಿಗೇ ಪೇಟಿ ಹಿಡಿದು ಕೂತು ಇಬ್ಬರ ದನಿಯನ್ನೂ ಕೇಳಿದವರಲ್ಲಿ ಉಳಿದವನು ನೀನೊಬ್ಬನೇ. ಬಂದು ಕೇಳು. ಯಾರದೇ ಇರಲಿ, ಹುಡುಗನ ಮುಂದೆ ಹೌದೆಂದು ಗೋಣು ಹಾಕು. ಖರೇ ಮಾತು ನನಗೊಬ್ಬನಿಗೇ ಬೇಕು. ಅದನ್ನು ಕಿವಿಯಲ್ಲಿ ಹೇಳಬೇಡ, ಮುಟ್ಟುವುದಿಲ್ಲ. ಸಂಗವ್ವನೇ ಆಗಿದ್ದರೆ, ಮೊಣಕಾಲು ನೊಂದರೂ ಸರಿ, ನೆಲಕ್ಕೆ ಎರಡು ಸಲ ಕಾಲು ಬಡಿ. ಅಂಗಾಲಿಗೆ ಇನ್ನೂ ಕೇಳುತ್ತದೆ.