ಏಳು ನಿಮಿಷ ತಣ್ಣಗಾದ ಸಮುದ್ರ

ಅಪ್ಪಾ,

ನೀನು ಹೋಗಿ ಆರು ವರ್ಷವಾದ ಮೇಲೆ, ಇವತ್ತು ನಮ್ಮ ಹವಾಮಾನ ಕಚೇರಿಯಲ್ಲಿ ನಿನ್ನ ದೆಸೆಯಿಂದ ಜಗಳವಾಯಿತು. ಗೆದ್ದವಳು ನಾನೇ.

ಹಡಗಿನಿಂದ ಬಕೆಟ್ ಇಳಿಬಿಟ್ಟು ನೀರೆತ್ತಿ, ಇಪ್ಪತ್ತು ವರ್ಷ ನೀನು ಬರೆದಿಟ್ಟ ಸಮುದ್ರದ ಉಷ್ಣಾಂಶವನ್ನು ನಮ್ಮ ಸಾಹೇಬರು ಕಸದ ಬುಟ್ಟಿಗೆ ಹಾಕಲು ಹೊರಟಿದ್ದರು. "ಬೇರೆ ಹಡಗಿನವರಿಗಿಂತ ಎಲ್ಲಾ ಅರ್ಧ ಡಿಗ್ರಿ ಕಮ್ಮಿ. ಈ ಮನುಷ್ಯನಿಗೆ ಥರ್ಮಾಮೀಟರ್ ನೋಡೋಕೇ ಬರ್ತಿರ್ಲಿಲ್ಲ!"

ನನಗೆ ರೇಗಿತು. ನಿನ್ನ ಹಡಗು ಓಡಾಡುತ್ತಿದ್ದ ಆ ದೂರದ ಸಮುದ್ರ ಬಿಸಿಯೇರಿದ ವರ್ಷಗಳಲ್ಲೆಲ್ಲ ನಮ್ಮ ಕಡೆ ಮಳೆ ಕೈಕೊಟ್ಟಿದೆ. ಬೇರೆ ಹಡಗಿನವರದು ಅಲ್ಲೊಂದು ಇಲ್ಲೊಂದು ಅಂಕಿ; ಅದಕ್ಕೆ ವರ್ಷ ಬಿಡದೆ ಇರುವ ಹಳೆಯ ಸಾಕ್ಷಿ ನಿನ್ನ ಅಂಕಿಗಳೇ. ಈಗ ಅದು ಮತ್ತೆ ಬಿಸಿಯೇರುತ್ತಿದೆ.

"ಚೆನ್ನಾಗೇ ಬರ್ತಿತ್ತು ಸಾರ್," ಅಂದೆ. "ಆದ್ರೆ ನೀರೆತ್ತಿ, ಒಂದು ಸಿಗರೇಟು ಮುಗಿಸಿ ಆಮೇಲೆ ನೋಡ್ತಿದ್ರು. ಅಷ್ಟರಲ್ಲಿ ನೀರು ತಣ್ಣಗಾಗ್ತಿತ್ತು. ದಿನಾ ಏಳು ನಿಮಿಷ, ದಿನಾ ಅಷ್ಟೇ ತಪ್ಪು. ಅರ್ಧ ಡಿಗ್ರಿ ಸೇರಿಸಿದ್ರೆ ಸರಿಹೋಗುತ್ತೆ."

ಸೇರಿಸಿ ನೋಡಿದರು. ಬೇರೆ ಹಡಗುಗಳ ಅಂಕಿಗಳಿಗೆ ಸರಿಯಾಗಿ ಹೊಂದಿತು. ಬರದ ಸಾಧ್ಯತೆ ಹೆಚ್ಚು, ಅಣೆಕಟ್ಟಿನ ನೀರು ಈಗಿನಿಂದಲೇ ಹಿಡಿದಿಡಿ ಎಂದು ವರದಿ ಬರೆದು ಸಹಿ ಹಾಕಿದೆ.

"ಏಳು ನಿಮಿಷ ಅಂತ ನಿಮಗೆ ಹೇಗೆ ಗೊತ್ತು?" ಅಂದರು ಸಾಹೇಬರು.

ಹತ್ತನೇ ವಯಸ್ಸಿನಲ್ಲಿ ನಿನ್ನ ಜೊತೆ ಹಡಗಿಗೆ ಬಂದಾಗ ಎಣಿಸಿದ್ದೆ. ಮರುವರ್ಷ ಬೇಸಿಗೆ ರಜೆಯಲ್ಲಿ ಕರೆದಾಗ ಪರೀಕ್ಷೆ ಇದೆ ಅಂದುಬಿಟ್ಟೆ. ಯಾವ ಪರೀಕ್ಷೆ ಅಂತ ನೀನು ಕೇಳಲೇ ಇಲ್ಲ.